ಚಹಾ ಮುಟ್ಟದ ಮನೆಗಳು

ಗೌಂಡಿ ಕಾಕಾರ ಬಲಗೈ ಹೆಬ್ಬೆರಳಿನ ಉಗುರನ್ನು ನಾನು ಈಗಲೂ ಕಣ್ಣು ಮುಚ್ಚಿ ಚಿತ್ರ ತೆಗೆದು ತೋರಿಸಬಲ್ಲೆ. ದಪ್ಪನೆಯ, ಹಳದಿಗಟ್ಟಿದ, ನಡುವೆ ಉದ್ದಕ್ಕೆ ಗೀರು ಬಿದ್ದ ಉಗುರು. ನಲವತ್ತು ವರ್ಷ ಸುಣ್ಣ, ಸಿಮೆಂಟು, ಇಟ್ಟಿಗೆಯ ಸಹವಾಸದಲ್ಲಿ ಹುಣಸೆ ಬೀಜದಷ್ಟು ಗಟ್ಟಿಯಾಗಿತ್ತು. ಆ ಉಗುರಿನಿಂದ ಅವರು ಗೋಡೆ ಬಡಿಯುತ್ತಿದ್ದರು. ಟಕ್, ಟಕ್, ಟಕ್. ಬಡಿದು ಕಿವಿ ಹಚ್ಚಿ ಕೇಳುತ್ತಿದ್ದರು. ಬರೀ ಗೋಡೆಯಾಗಿದ್ದರೆ ಸುಮ್ಮನಿರಬಹುದಿತ್ತು. ಬಸ್ಸಿನ ಕಿಡಕಿ, ಅಂಗಡಿಯ ಕಟ್ಟೆ, ನಮ್ಮ ಮನೆಯ ಅಕ್ಕಿ ಡಬ್ಬಿ, ಯಾವುದನ್ನೂ ಬಿಡುತ್ತಿರಲಿಲ್ಲ. ಒಮ್ಮೆ ನಾನು ಕೆಲಸ ಮಾಡುವ ಆರೋಗ್ಯ ಕೇಂದ್ರಕ್ಕೆ ಬಿಪಿ ತೋರಿಸಲು ಬಂದವರು ಡಾಕ್ಟರರ ಬೆನ್ನ ಹಿಂದಿನ ಗೋಡೆ ಬಡಿದು, "ಇಲ್ಲೆ ಪೊಳ್ಳ ಐತ್ರಿ ಸಾಹೇಬ್ರ" ಎಂದು ಹೇಳಿ, ತಮ್ಮ ಬಿಪಿ ಎಷ್ಟಿತ್ತೆಂದು ಕೇಳದೆಯೇ ಎದ್ದು ಹೋದರು. ಡಾಕ್ಟರು ನನ್ನ ಮುಖ ನೋಡಿದರು. ನಾನು ಸಿರಿಂಜಿನ ಡಬ್ಬಿ ಹುಡುಕುವ ನೆಪ ಮಾಡಿಕೊಂಡು ಹೊರಗೆ ಹೋದೆ.

ಇಂಥ ಮನುಷ್ಯನನ್ನು ಮನೆ ನೋಡಲು ಕರೆದುಕೊಂಡು ಹೋಗಬೇಕೆಂದು ಹುಕುಂ ಮಾಡಿದವರು ನಮ್ಮ ಅತ್ತೆ.

ನಾವಾಗ ಬ್ಯಾಡಗಿಯಲ್ಲಿ ಮಹಡಿಯ ಮೇಲಿನ ಬಾಡಿಗೆ ಮನೆಯಲ್ಲಿದ್ದೆವು. ನಾನು ಹತ್ತಿರದ ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ನರ್ಸು. ನಮ್ಮ ಮನೆಯವರು ರಾಣೆಬೆನ್ನೂರಿನಲ್ಲಿ ಬೀಜದ ಗೋದಾಮು ನೋಡಿಕೊಳ್ಳುತ್ತಿದ್ದರು. ಅತ್ತೆಗೆ ಲಕ್ವಾ ಹೊಡೆದು ಎಡಗಾಲು ಬಿದ್ದುಹೋದ ಮೇಲೆ ಇಪ್ಪತ್ತೆರಡು ಪಾವಟಿಗೆ ಇಳಿಯುವುದು ಅವರಿಗೆ ಸಾಧ್ಯವಿರಲಿಲ್ಲ. ಆಸ್ಪತ್ರೆಗೆ ಹೋಗಬೇಕೆಂದರೆ ನಾಲ್ವರು ಸೇರಿ ಕುರ್ಚಿ ಸಮೇತ ಇಳಿಸಬೇಕಾಗಿತ್ತು. ಜೀವನವಿಡೀ ಊರ ಸುದ್ದಿಯೆಲ್ಲ ಕಟ್ಟೆಯ ಮೇಲೆ ಕೂತು ಜಾಲಾಡಿದ ಹೆಂಗಸು ಅವರು. ಕಿಡಕಿಯ ಹತ್ತಿರ ಹಾಸಿಗೆ ಹಾಕಿಕೊಟ್ಟರೆ ಸಮಾಧಾನವಾಗುತ್ತದೆಯೇ? "ಅಟ್ಟದ ಮ್ಯಾಲಿನ ಉಳ್ಳಾಗಡ್ಡಿ ಇಟ್ಟಂಗ ಇಟ್ಟೀರಿ ನನ್ನ" ಎಂದು ದಿನಾ ಬೈಯುತ್ತಿದ್ದರು. ಬೈದು ಬೈದು ದಣಿದಾಗ ಮಾತ್ರ ಮೆಲ್ಲಗೆ, "ಒಮ್ಮಿ ನೆಲಾ ಮುಟ್ಟಸ್ರಿ ನನಗ, ಸಾಕು" ಎನ್ನುತ್ತಿದ್ದರು. ಆ ಮಾತು ಕೇಳಿದ ದಿನ ನನಗೆ ಊಟ ಸೇರುತ್ತಿರಲಿಲ್ಲ. ಕೆಳಗಿನ ಮನೆ, ಮುಂದೆ ಒಂದು ಕಟ್ಟೆ. ನಮಗೆ ಬೇಕಾಗಿದ್ದು ಅಷ್ಟೇ.

ಅತ್ತೆಯ ಕಿಡಕಿಯಿಂದ ಓಣಿಯ ಕೊನೆಯಲ್ಲಿದ್ದ ಗೌಂಡಿ ಕಾಕಾರ ಮನೆ ಕಾಣುತ್ತಿತ್ತು. ಅವರು ದಿನಾ ಮುಂಜಾನೆ, ಸಂಜೆ ತಮ್ಮ ಕಟ್ಟೆಯ ಮೇಲೆ, ಮನೆಗೆ ಬೆನ್ನು ಮಾಡಿ ಕೂತು, ಚಹಾ ಬಸಿಗೆ ಸುರುವಿಕೊಂಡು ಕುಡಿಯುತ್ತಿದ್ದರು. ಮಳೆ ಬಂದರೂ ತಲೆಯ ಮೇಲೆ ಗೋಣಿಚೀಲ ಹಾಕಿಕೊಂಡು ಅಲ್ಲೇ ಕೂತು ಕುಡಿಯುತ್ತಿದ್ದರು. "ಹೇಂತಿ ಒಳಗ ಬಿಟ್ಟಕೊಳ್ಳೂದಿಲ್ಲ ಕಾಣ್ತೈತಿ" ಎಂದು ಅತ್ತೆ ನಗುತ್ತಿದ್ದರು. ನಾವು ಏನಾದರೂ ಕೇಳಲು ಹೋದರೂ ಅಷ್ಟೇ. ಕಾಕಿ ಕಟ್ಟೆಯ ಮೇಲೆ ಚಾಪೆ ಹಾಸುತ್ತಿದ್ದರೇ ಹೊರತು ಒಂದು ದಿನವೂ ಒಳಗೆ ಬನ್ನಿ ಎಂದವರಲ್ಲ. ಜಿಪುಣರ ಮನೆ ಎಂದು ನಾನು ತೀರ್ಮಾನ ಮಾಡಿಬಿಟ್ಟಿದ್ದೆ.

ಮೊದಲ ಮನೆ ಬ್ಯಾಡಗಿಯಲ್ಲೇ ನೋಡಿದೆವು. ನಾನೂ ನಮ್ಮ ಮನೆಯವರೂ ದೇವರ ಮನೆ ಯಾವ ದಿಕ್ಕಿಗಿದೆ, ಬಾಗಿಲು ಎಷ್ಟಿವೆ ಎಂದು ಎಣಿಸುತ್ತಿದ್ದರೆ, ಕಾಕಾ ಅಡುಗೆ ಮನೆಗೆ ನುಗ್ಗಿ ಒಂದು ತಂಬಿಗೆ ನೀರು ತೆಗೆದುಕೊಂಡು ನಡುಮನೆಯಲ್ಲಿ ಸುರುವಿಬಿಟ್ಟರು. ಮನೆಯೊಡತಿ ಹೌಹಾರಿದಳು. ನೀರು ಬಾಗಿಲ ಕಡೆ ಹೋಗುವುದು ಬಿಟ್ಟು ಮೂಲೆಗೆ ಹೋಗಿ ನಿಂತಿತು. "ನೆಲಾ ಕುಂತೈತಿ" ಎಂದರು ಕಾಕಾ, ಸತ್ತ ಸುದ್ದಿ ಹೇಳುವ ದನಿಯಲ್ಲಿ. ನಾನು ಸೆರಗು ಬಿಗಿದು ಅವರ ನೆಲ ಒರೆಸಿಕೊಟ್ಟು ಬಂದೆ.

ಎರಡನೆಯದು ಹಾವೇರಿಯಲ್ಲಿ. ಅಲ್ಲಿ ಇನ್ನೂ ಚಂದ. ಬಚ್ಚಲ ಗೋಡೆಯ ಬುಡದಲ್ಲಿ ಬೆರಳು ಒರೆಸಿ, ಆ ಬೆರಳನ್ನು ನಾಲಿಗೆಗೆ ಹಚ್ಚಿ ಚಪ್ಪರಿಸಿದರು! ಮನೆಯ ಮಾಲೀಕ ನಿವೃತ್ತ ಹೆಡ್‌ಮಾಸ್ತರರು. ಈ ಮನುಷ್ಯನಿಗೆ ತಲೆ ಸರಿ ಇದೆಯೇ ಎಂಬಂತೆ ನನ್ನನ್ನು ನೋಡಿದರು. "ಉಪ್ಪ ಏರೈತ್ರಿ ಸರ. ಇನ್ನ ನಾಕ ವರ್ಷಕ್ಕ ಗೋಡಿ ಮ್ಯಾಲಿನ ಗಿಲಾಯಿ ಉದರತೈತಿ" ಎಂದರು ಕಾಕಾ. ಮಾಸ್ತರರು, "ನಾವ ಹದಿನೆಂಟ ವರ್ಷದಿಂದ ಇಲ್ಲೇ ಅದೀವಪಾ, ನಮ್ಮ ತಲೀ ಮ್ಯಾಲ ಏನೂ ಬಿದ್ದಿಲ್ಲ" ಎಂದರು. ಕಾಕಾ ಮತ್ತೊಮ್ಮೆ ಬೆರಳು ನೆಕ್ಕಿದರು. ಭೂಮಿ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು.

ಅಲ್ಲಿಂದ ಹೊರಬಿದ್ದ ಮೇಲೆ ನನಗೆ ಒಂದು ವಿಷಯ ಹೊಳೆಯಿತು. ಎರಡೂ ಕಡೆ ಚಹಾ ತಂದು ಮುಂದಿಟ್ಟಿದ್ದರು. ಎರಡೂ ಕಡೆ ಕಾಕಾ ಮುಟ್ಟಿರಲಿಲ್ಲ. ದಿನಕ್ಕೆ ಆರು ಸಲ ಚಹಾ ಕುಡಿಯುವ ಮನುಷ್ಯ! ನಮ್ಮ ಕಡೆ ಮನೆಗೆ ಬಂದವರು ಚಹಾ ಬೇಡ ಎಂದರೆ ಮುಖಕ್ಕೆ ಹೊಡೆದ ಹಾಗೆ. ಕೇಳಿಯೇಬಿಟ್ಟೆ.

"ಅದ್ಹ್ಯಾಂಗ ಕುಡೀಲವಾ ನರ್ಸವ್ವ?" ಎಂದರು. "ಅವರ ಚಾ ಕುಡದು, ಅವರ ಮನಿ ಛಲೋ ಇಲ್ಲ ಅಂತ ಹೇಳಾಕ ನಾಲಿಗಿ ಹೊಳ್ಳೂದಿಲ್ಲ. ಮನಿ ನೆಟ್ಟಗಿದ್ರ ನಾನ ಕೇಳಿ ಕುಡೀತೀನಿ ತಗೋ."

ಅಂದಿನಿಂದ ನಮ್ಮ ಕಣ್ಣು ಗೋಡೆಯ ಮೇಲಲ್ಲ, ಚಹಾದ ಕಪ್ಪಿನ ಮೇಲೆ. ಹೋದ ಮನೆಯಲ್ಲೆಲ್ಲ ಕಾಕಾ ಕಪ್ಪಿಗೆ ಕೈ ಹಾಕುತ್ತಾರೋ ಇಲ್ಲವೋ ಎಂದು ಉಸಿರು ಹಿಡಿದು ನೋಡುವುದು. "ಈಗರ ಕುಡದ ಬಂದೇವ್ರಿ" ಎಂದು ಅವರ ಬಾಯಿಂದ ಬಂತೋ, ನಮ್ಮ ಮನೆಯವರು ಚಪ್ಪಲಿ ಹಾಕಿಕೊಳ್ಳುತ್ತಿದ್ದರು. ಒಂದು ಮನೆಯ ತೊಲೆ ಬಾಗಿದೆ. ಇನ್ನೊಂದರ ಮಾಳಿಗೆ ಸೋರಿ ಸುಣ್ಣ ಹೊಡೆದಿದ್ದಾರೆ. ಮತ್ತೊಂದು ಮನೆಗೆ ಹೋಗುವ ಮೊದಲೇ, ರಸ್ತೆಯಲ್ಲೇ ನಿಂತು, "ಗಟಾರ ಮನಿಗಿಂತ ಮ್ಯಾಲ ಐತಿ, ನಡ್ರಿ ವಾಪಸ್" ಎಂದರು. ಆ ಮನೆ ನೋಡಲು ನಾನು ರಜೆ ಹಾಕಿದ್ದೆ, ಗಟಾರ ನೋಡಲಲ್ಲ! ಏಳು ಮನೆ ನೋಡಿದೆವು. ಒಂದು ಕಪ್ಪು ಚಹಾ ಹುಟ್ಟಲಿಲ್ಲ. ದಲಾಲಿ ನಮ್ಮ ಫೋನ್ ಎತ್ತುವುದನ್ನೇ ಬಿಟ್ಟ.

ಮೇಲೆ ಅತ್ತೆ ಕಾಯುತ್ತ ಕೂತಿರುತ್ತಿದ್ದರು. ನಾವು ಪಾವಟಿಗೆ ಏರುವ ಸದ್ದಿನಿಂದಲೇ ಅವರಿಗೆ ತಿಳಿಯುತ್ತಿತ್ತು. ಏನಾಯಿತೆಂದು ಕೇಳುತ್ತಿರಲಿಲ್ಲ.

ಎಂಟನೆಯದು ರಾಣೆಬೆನ್ನೂರಿನ ಹೊಸ ಬಡಾವಣೆಯಲ್ಲಿ. ದೀಪಾವಳಿ ಆಗಿ ಹದಿನೈದು ದಿನವಾಗಿತ್ತು. ಮನೆಗೆ ಹೊಸ ಬಣ್ಣ. ಎರಡೇ ಪಾವಟಿಗೆ. ಮುಂದೆ ಕಡಪಾ ಕಲ್ಲಿನ ಅಗಲವಾದ ಕಟ್ಟೆ, ಅದರ ಪಕ್ಕ ಹೊಂಗೆ ಗಿಡದ ನೆರಳು. ಒಳಗೆ ಕಾಲಿಟ್ಟ ಕೂಡಲೇ ನಾನು ಅತ್ತೆಯ ಕುರ್ಚಿ ಎಲ್ಲಿಡಬೇಕೆಂದು ಜಾಗ ಗುರುತು ಮಾಡಿಬಿಟ್ಟೆ. ಕಾಕಾ ಗೋಡೆಗಳನ್ನೆಲ್ಲ ಬಡಿದರು. ಗಟ್ಟಿ. ನೀರು ಸುರುವಿದರು. ಸರಿಯಾಗಿ ಬಾಗಿಲ ಕಡೆ ಹರಿಯಿತು. ಬೆರಳು ನೆಕ್ಕಿದರು. ಉಪ್ಪಿಲ್ಲ. ಮನೆಯೊಡತಿ ಏಲಕ್ಕಿ ಹಾಕಿದ ಚಹಾ ತಂದಳು. ಕಾಕಾ ಕಪ್ಪು ಎತ್ತಿಕೊಂಡರು! ನಮ್ಮ ಮನೆಯವರು ಮೇಜಿನ ಕೆಳಗೆ ನನ್ನ ಕಾಲು ತುಳಿದರು. ಕಾಕಾ ಬಸಿಗೆ ಸುರುವಿಕೊಂಡರು. ಊದಿದರು. ಊದುತ್ತ ಊದುತ್ತ ಮಾಲೀಕರನ್ನು ಕೇಳಿದರು, "ಇದು ಪ್ಲಾಟ್ ಆಗೂಕಿಂತ ಮೊದಲ ಏನ ಬೆಳೀತಿದ್ರಿ ಇಲ್ಲೆ?"

"ಹತ್ತಿ ರೀ. ಬಂಗಾರದಂಥ ಕರೀ ಎರಿ ಹೊಲ ಇತ್ತಂತ."

ಕಾಕಾ ಬಸಿಯ ಚಹಾವನ್ನು ಮತ್ತೆ ಕಪ್ಪಿಗೆ ಸುರುವಿ, ಮೇಜಿನ ಮೇಲಿಟ್ಟು, "ಯುಗಾದಿ ಆದಮ್ಯಾಲ ಬರ್ತೀವ್ರಿ" ಎಂದು ಎದ್ದರು.

ಯುಗಾದಿ! ಇನ್ನೂ ಐದು ತಿಂಗಳು. ಮಾಲೀಕರು ನಕ್ಕರು. ಬೇರೆ ಪಾರ್ಟಿ ಕಾಯುತ್ತಿದ್ದಾರೆ, ಇದೇ ವಾರ ಸಂಚಕಾರದ ಮುಂಗಡ ಕೊಡಬೇಕು ಎಂದರು. ನಾನು ಬಾಯಿ ತೆರೆಯುವ ಮೊದಲೇ ಕಾಕಾ ಅಂಗಳ ದಾಟಿದ್ದರು.

ಬಸ್ ಸ್ಟ್ಯಾಂಡಿನಲ್ಲಿ ನನ್ನ ಸಿಟ್ಟು ಒಡೆಯಿತು. ಸುತ್ತ ಜನ ಇದ್ದಾರೆಂಬ ಖಬರೂ ಇಲ್ಲದೆ, "ಕಾಕಾ, ನಿಮಗ ಮನಿ ನೋಡಾಕ ಬರೂದಿಲ್ಲ, ಮನಿ ಮುರಿಯಾಕ ಬರ್ತೈತಿ ನೋಡ್ರಿ! ಎಲ್ಲಾ ಗಟ್ಟಿ ಐತಿ ಅಂತ ನೀವ ಅಂದ್ರಿ. ಇನ್ನೇನ ಬೇಕ ನಿಮಗ? ನಮ್ಮತ್ತಿ ಅಲ್ಲೇ ಮ್ಯಾಲ ಸಾಯಬೇಕೇನ?" ಎಂದು ಕೂಗಿದೆ. ನಮ್ಮ ಮನೆಯವರು ನನ್ನ ಕೈ ಜಗ್ಗಿದರು. ನಾನು ಕೈ ಕೊಡವಿಕೊಂಡೆ.

ಕಾಕಾ ಉಗುರಿನಿಂದ ಬೆಂಚು ಬಡಿಯುತ್ತಿದ್ದರು. ಆಮೇಲೆ ಹೇಳಿದರು. "ಎರಿ ಭೂಮಿ ಮಳಿಗಾಲದಾಗ ಉಬ್ಬತೈತವಾ. ಬಿರುಕೆಲ್ಲಾ ಮುಚ್ಚತಾವು. ಮ್ಯಾಲ ದೀಪಾವಳಿಗೆ ಬಣ್ಣಾ ಹಚ್ಚತಾರ. ನಮ್ಮ ಮಂದಿ ಸುಗ್ಗಿ ರೊಕ್ಕ ಕೈಗೆ ಬರೂದ ತಡಾ, ಆವಾಗ ಬಂದು ಮನಿ ನೋಡತಾರ. ಯುಗಾದಿಗೆ ಭೂಮಿ ಒಣಗಿ ಬಾಯಿ ತಗದಾಗ ನೋಡಬೇಕು ಅದನ್ನ." ಬೆಂಚಿಗೆ ಮತ್ತೊಂದು ಏಟು ಬಡಿದು ಹೇಳಿದರು. "ಒಂದ ಮನಿ ಹಿಂಗ ಆಗಿತ್ತು. ಹತ್ತಿ ಹೊಲದಾಗ ಕಟ್ಟಿದ್ದು. ಪಾಯಾ ಎರಿ ಕೆಳಗಿನ ಗಟ್ಟಿ ಗರಸು ಹತ್ತೂಮಟಾ ಇಳಿದಿದ್ದಿಲ್ಲ. ಮೂರನೇ ಬ್ಯಾಸಗಿಗೆ ಗೋಡಿ ಕುಂತು, ಬಾಗಲದ ಚೌಕಟ್ಟ ಸೊಟ್ಟಾಗಿ, ಕದಾ ಹಿಡಕೊಂಡಬಿಡ್ತು. ಒಳಗ ಒಬ್ಬಾಕಿ ಮುದುಕಿ ಇದ್ಲು. ಮನ್ಯಾಗ ಬ್ಯಾರೆ ಯಾರೂ ಇದ್ದಿಲ್ಲ. ಹಗಲೆಲ್ಲಾ ಕದಾ ಬಡದಾಳ. ಸಂಜೀಕ ಕಬ್ಬಿಣದ ಹಾರಿ ಹಾಕಿ ಕದಾ ಮುರದು ತಗದ್ರು. ಜೀವಕ್ಕೇನೂ ಆಗಲಿಲ್ಲ. ಆದ್ರ ಸಾಯೂಮಟಾ ಆಕಿ ಆ ಮನಿ ಒಳಗ ಮಲಗಲಿಲ್ಲ, ಹೊರಗ ಕಟ್ಟಿ ಮ್ಯಾಲ ಮಲಗಿದ್ಲು. ನಿಮ್ಮತ್ತಿಗೆ ಕದಾ ಒದ್ದ ಹೊರಗ ಬರೂ ಶಕ್ತಿ ಐತೇನ, ಹೇಳು?"

ಕಟ್ಟುಕತೆ ಎಂದುಕೊಂಡೆ. ಬಸ್ಸಿನಲ್ಲಿ ಬೇರೆ ಸೀಟಿನಲ್ಲಿ ಕೂತೆ.

ಆ ವಾರವೇ ಮನೆ ಬೇರೆಯವರ ಪಾಲಾಯಿತು. ನಮ್ಮ ಮನೆಯವರು ಕಾಕಾರನ್ನು ಬಿಟ್ಟು ಸಂಚಕಾರ ಕೊಡೋಣ ಎಂದು ಹೊರಟಿದ್ದರು. ತಡೆದವರು ಅತ್ತೆ. "ಆ ಗೌಂಡಿ ಚಾ ಕುಡಿಯದ ಮನಿಗೆ ನಾ ಬರೂದಿಲ್ಲ" ಎಂದು ಗೋಡೆಯ ಕಡೆ ಹೊರಳಿ ಮಲಗಿಬಿಟ್ಟರು. ಅವರ ಸಲುವಾಗಿಯೇ ನಾವು ಒದ್ದಾಡುತ್ತಿರುವುದು, ಅವರೇ ಹಟ ಹಿಡಿದರೆ ಏನು ಮಾಡಬೇಕು? ಇಬ್ಬರು ಮುದುಕರೂ ಸೇರಿ ನನ್ನ ತಲೆ ಕೆಡಿಸಿದರು. ಐದು ತಿಂಗಳು ನಾನು ಕಾಕಾರ ಜೊತೆ ಮಾತು ಬಿಟ್ಟೆ. ಅವರ ಕಟ್ಟೆಯ ಮುಂದೆ ಹೋಗುವಾಗ ಮೊಬೈಲ್ ಕಿವಿಗೆ ಹಚ್ಚಿಕೊಂಡು ಹೋಗುತ್ತಿದ್ದೆ.

ಯುಗಾದಿ ಆದ ಮರು ವಾರ ಮುಂಜಾನೆ ಪಾವಟಿಗೆಯ ಕೆಳಗೆ ನಿಂತು ಕಾಕಾ ಕೂಗಿದರು. "ನರ್ಸವ್ವ, ನಡಿ, ಆ ಮನಿ ನೋಡಿ ಬರೂಣು."

"ಯಾವ ಮನಿ?"

"ರಾಣೆಬೆನ್ನೂರದ್ದು."

"ಅದು ಮಾರಿ ಆಗೇತಲ್ರೀ ಕಾಕಾ! ಮಂದಿ ಮನಿ ನೋಡಿ ನಾವೇನ ಮಾಡೂದು?"

"ಯುಗಾದಿಗೆ ಬರ್ತೀವಿ ಅಂತ ಹೇಳಿದ್ನಲ್ಲ?"

ಇದಕ್ಕೆ ಏನು ಹೇಳುತ್ತೀರಿ? ಅವರ ಮುಖದ ಮೇಲೆ ಅವರ ತಪ್ಪನ್ನು ಎತ್ತಿ ತೋರಿಸಲಿಕ್ಕಾದರೂ ಹೋಗಬೇಕು ಎಂದು ಹೊರಟೆ. ದಾರಿಯುದ್ದಕ್ಕೂ ಮನಸ್ಸಿನಲ್ಲಿ ಮಾತು ಜೋಡಿಸಿಕೊಂಡೆ.

ಒಂದೂ ಬಳಕೆಗೆ ಬರಲಿಲ್ಲ. ಕಟ್ಟೆ ಮನೆಯಿಂದ ಬೇರೆಯಾಗಿ ಮುಂದಕ್ಕೆ ವಾಲಿತ್ತು. ನಾನು ಅತ್ತೆಯ ಕುರ್ಚಿಗೆ ಗುರುತು ಮಾಡಿದ ಜಾಗದ ಹಿಂದಿನ ಗೋಡೆಯಲ್ಲಿ ಮೇಲಿನಿಂದ ಕೆಳಗಿನವರೆಗೆ ಬಿರುಕು. ಅದರೊಳಗೆ ಆ ಮನೆಯ ಸೊಸೆ ಬಾಚಣಿಕೆ ಸಿಗಿಸಿಟ್ಟಿದ್ದಳು. ಮಲಗುವ ಕೋಣೆಯ ಕದ ಅರ್ಧಕ್ಕೇ ನಿಂತು, ಹಿಂದಕ್ಕೂ ಬರದೆ ಮುಂದಕ್ಕೂ ಹೋಗದೆ ನೆಲಕ್ಕೆ ಕಚ್ಚಿಕೊಂಡಿತ್ತು.

ಮನೆ ಕೊಂಡಿದ್ದ ಯಜಮಾನರು ಕಾಕಾರನ್ನು ನೋಡಿ ತಲೆ ತಗ್ಗಿಸಿದರು. "ಸಂಚಕಾರ ಕೊಡೂಕಿಂತ ಮೊದಲ ನೀವು ನಮ್ಮನ್ನ ಹುಡಿಕ್ಕೊಂಡ ಬಂದು ಹೇಳಿದಾಗ ನಾವು ನಂಬಲಿಲ್ರಿ. ಆ ನರ್ಸ್ ಮನಿಯವರು ನಮ್ಮನ್ನ ಬಿಡಿಸಿ, ತಾವು ತಗೊಳ್ಳಾಕ ನಿಮ್ಮನ್ನ ಕಳಿಸ್ಯಾರ ಅಂದಕೊಂಡ್ವಿ. ಬಾಯಿಗೆ ಬಂದಂಗ ಅಂದೆ ನಿಮಗ."

ನಾನು ಕಾಕಾರ ಮುಖ ನೋಡಿದೆ. ಬಸ್ ಸ್ಟ್ಯಾಂಡಿನಲ್ಲಿ ನನ್ನಿಂದ ಬೈಸಿಕೊಂಡ ವಾರದಲ್ಲೇ ಈ ಮನುಷ್ಯ ಒಬ್ಬರೇ ಬಸ್ಸು ಹತ್ತಿ ಬಂದು, ಗುರುತಿಲ್ಲದವರಿಗೆ ಎಚ್ಚರಿಕೆ ಹೇಳಿ, ಅವರಿಂದಲೂ ಬೈಸಿಕೊಂಡು ಹೋಗಿದ್ದರು. ನಮಗೆ ಒಂದು ಮಾತೂ ತಿಳಿಸಿರಲಿಲ್ಲ. ಈಗಲೂ "ನಾ ಹೇಳಿದ್ದೆ" ಎನ್ನಲಿಲ್ಲ. ಮನೆಯ ಸುತ್ತ ಮೂರು ಸುತ್ತು ಹಾಕಿದರು. "ಸುತ್ತಲಿಂದ ಎರಿ ತಗದು ಗರಸು ತುಂಬಸ್ರಿ. ಮಳಿ ನೀರು ಪಾಯಾಕ್ಕ ಇಳೀಬಾರದು, ಅದರ ಮ್ಯಾಲ ಕಾಂಕ್ರೀಟ್ ಹಾಕಸ್ರಿ. ಕುಂದರೂದು ನಿಲ್ಲತೈತಿ, ಗಾಬರಿ ಆಗಬ್ಯಾಡ್ರಿ" ಎಂದರು. ಹೊರಡುವಾಗ ಹೊಳ್ಳಿ ನಿಂತು, "ಮನ್ಯಾಗ ವಯಸ್ಸಾದವರು ಇದ್ರ, ಅವರ ಕ್ವಾಣಿ ಕದಾ ಬಿಚ್ಚಿ ಇಟ್ಟಬಿಡ್ರಿ. ಪರದೆ ಸಾಕು" ಎಂದರು. ಸೊಸೆ ಚಹಾ ತಂದಳು. ಕಾಕಾ ಕೈ ಮುಗಿದರು.

ವಾಪಸ್ ಬರುವಾಗ ಬಸ್ಸಿನಲ್ಲಿ ನಾನು ಅವರ ಪಕ್ಕದಲ್ಲೇ ಕೂತೆ. ತಪ್ಪಾಯಿತು ಎನ್ನಬೇಕೆಂದಿದ್ದೆ. ಅವರು ಮುಂದಿನ ಸೀಟಿನ ತಗಡು ಬಡಿದು, "ಇದೂ ಪೊಳ್ಳ" ಎಂದರು. ನನಗೆ ನಗು ಬಂದು ಮಾತು ಅಲ್ಲೇ ಉಳಿಯಿತು.

ಕೊನೆಗೆ ನಮಗೆ ಸಿಕ್ಕ ಮನೆ ಬ್ಯಾಡಗಿಯ ಅಂಚಿಗೆ, ಕದರಮಂಡಲಗಿ ರಸ್ತೆಯ ಕಡೆಗಿನ ಒಂದು ದಿಬ್ಬದ ಮೇಲಿತ್ತು. ಅಷ್ಟು ಕುರೂಪಿ ಮನೆಯನ್ನು ನಾನು ಹಿಂದೆ ನೋಡಿರಲಿಲ್ಲ. ತಗ್ಗು ಮಾಳಿಗೆ, ಸಣ್ಣ ಕಿಡಕಿ, ಕೆಂಪು ಗಾರೆಯ ನೆಲ, ಮುಂದೆ ಒರಟು ಕಲ್ಲಿನ ಕಟ್ಟೆ, ಪಾಯಖಾನೆ ಹಿತ್ತಲಿನಲ್ಲಿ. ದಲಾಲಿಯೇ ನಾಚಿಕೊಂಡು ತೋರಿಸುತ್ತಿದ್ದ. ಮಾಲೀಕರು ಪಾಪದ ಮನುಷ್ಯ. "ಈ ಜಾಗಾದಾಗ ಹುರಳಿ ಬಿಟ್ಟರ ಏನೂ ಬೆಳೀತಿದ್ದಿಲ್ರಿ, ಕೆಳಗೆಲ್ಲಾ ಗರಸು" ಎಂದು ತಪ್ಪು ಒಪ್ಪಿಕೊಳ್ಳುವವರಂತೆ ಹೇಳಿದರು. ಕಾಕಾ ಗೋಡೆಗೆ ಎರಡೇ ಏಟು ಬಡಿದರು. ಅಷ್ಟೇ. ನೀರಿಲ್ಲ, ನಾಲಿಗೆಯಿಲ್ಲ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಗೋಡೆಗೆ ಬೆನ್ನು ಕೊಟ್ಟು, "ಯವ್ವಾ, ಚಾ ಇಡು. ಸಕ್ರಿ ಜಾಸ್ತಿ ಇರ್ಲಿ" ಎಂದು ಒಳಗೆ ಕೂಗಿದರು. ನಮ್ಮ ಮನೆಯವರಿಗೂ ನನಗೂ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಕಡಪಾ ಕಟ್ಟೆಯ ಮನೆಗಳನ್ನೆಲ್ಲ ಬಿಟ್ಟು ಬಂದು ಇದಕ್ಕೇ? ಕಾಕಾ ಎರಡು ಕಪ್ಪು ಕುಡಿದರು. ಮೂರನೆಯದನ್ನೂ ಕೇಳಿದರು.

ಮನೆ ತುಂಬಿದ ದಿನ ನಾಲ್ವರು ಅತ್ತೆಯನ್ನು ಕುರ್ಚಿಯಲ್ಲಿ ಕೊನೆಯ ಸಲ ಇಪ್ಪತ್ತೆರಡು ಪಾವಟಿಗೆ ಇಳಿಸಿದರು. ಹೊಸ ಮನೆಯ ಅಂಗಳದಲ್ಲಿ ಕುರ್ಚಿ ಇಟ್ಟಾಗ ಅವರು ಬಲಗಾಲಿನ ಚಪ್ಪಲಿ ತಾವೇ ಜಾಡಿಸಿ ತೆಗೆದು, ಎಡಗಾಲಿನದನ್ನು ನನ್ನಿಂದ ತೆಗೆಸಿ, ಎರಡೂ ಪಾದ ಮಣ್ಣಿಗೆ ಊರಿದರು. ಎಡಗಾಲಿಗೆ ಸ್ಪರ್ಶ ಗೊತ್ತಾಗುತ್ತಿರಲಿಲ್ಲ. ಆದರೂ ಬಗ್ಗಿ ಅದನ್ನೇ ನೋಡುತ್ತ ಕೂತರು. ನಾನು ಒಳಗೆ ಹೋಗಿ ಅವರಿಗೆ ಕಾಣದ ಹಾಗೆ ಅತ್ತುಬಿಟ್ಟೆ.

ಆಮೇಲೆ ಎರಡು ವರ್ಷ ನಮ್ಮ ಮನೆಯ ಸಂಜೆ ಹೀಗಿತ್ತು. ಅತ್ತೆ ಹೊರಗೆ ಕಟ್ಟೆಯ ಮೇಲೆ. ಕಾಕಾ ದಿನಾ ಬರುವುದು ತಪ್ಪಿಸುತ್ತಿರಲಿಲ್ಲ, ಆದರೆ ಕಟ್ಟೆಯ ಮೇಲೆ ಕೂರುತ್ತಿರಲಿಲ್ಲ. ನೆಟ್ಟಗೆ ಒಳಗೆ ಬಂದು ನಡುಮನೆಯ ಗೋಡೆಗೆ ಬೆನ್ನು, ತಲೆ ಆನಿಸಿ ಕೂತು ಚಹಾ ಕುಡಿಯುತ್ತಿದ್ದರು. ಇಬ್ಬರೂ ಕಿಡಕಿಯ ಮೂಲಕ ಜೋರಾಗಿ ಕೂಗಾಡುತ್ತ ಮಾತಾಡುವುದು. ನನ್ನ ಕಿವಿ ಕಿತ್ತು ಬರುತ್ತಿದ್ದವು. "ಹೊರಗ ಕುಂದ್ರಬಾರದೇನ್ರಿ ಕಾಕಾ, ಅತ್ತಿ ಅಲ್ಲೇ ಅದಾರಲ್ಲ" ಎಂದರೆ, "ಇಲ್ಲೇ ಆರಾಮ ಐತವಾ" ಎನ್ನುತ್ತಿದ್ದರು. ತಲೆಗೆ ಕೊಬ್ಬರಿ ಎಣ್ಣೆ ಬಳಿದುಕೊಂಡಿರುತ್ತಿದ್ದರಾದ್ದರಿಂದ ಗೋಡೆಯ ಮೇಲೆ ರೊಟ್ಟಿಯಷ್ಟಗಲದ ಕಲೆ ಬಿತ್ತು. ನಾನು ಸೋಡಾ ಹಾಕಿ ತಿಕ್ಕುತ್ತಿದ್ದೆ. ಮರುದಿನ ಮತ್ತೆ ಬೀಳುತ್ತಿತ್ತು. ದಿಂಬು ಕೊಟ್ಟೆ. ದಿಂಬನ್ನು ತೊಡೆಯ ಮೇಲಿಟ್ಟುಕೊಂಡು ತಲೆಯನ್ನು ಗೋಡೆಗೇ ಆನಿಸಿದರು.

ಕಳೆದ ವರ್ಷ ಶ್ರಾವಣದಲ್ಲಿ ಕಾಕಾ ತೀರಿಕೊಂಡರು. ನಾಲ್ಕು ದಿನ ಜ್ವರ, ಮೊದಲು ನಾನೇ ಸಲಾಯಿನ್ ಹಚ್ಚಿದ್ದೆ, ಕೊನೆಯುಸಿರು ಹಾವೇರಿಯ ಆಸ್ಪತ್ರೆಯಲ್ಲಿ. ಅತ್ತೆ ಆ ದಿನ ಊಟ ಮಾಡಲಿಲ್ಲ. "ಗೋಡಿ ಬಡಿಯೂ ಸಪ್ಪಳಾ ನಿಂತಹೋತು" ಎಂದರು ಅಷ್ಟೇ.

ದಿನ ಕರ್ಮ ಎಲ್ಲ ಮುಗಿದ ಮೇಲೆ ಕಾಕಿಯನ್ನು ಮಾತಾಡಿಸಲು ಹೋದೆ. ಮಳೆ ಹನಿಯುತ್ತಿತ್ತು. ಕಟ್ಟೆಯ ಮೇಲೆ ಚಾಪೆ ಹಾಸುವ ಹಾಗಿರಲಿಲ್ಲ. ಅಷ್ಟು ವರ್ಷಗಳಲ್ಲಿ ಮೊದಲ ಸಲ ಆ ಮನೆಯ ಒಳಗೆ ಕಾಲಿಟ್ಟೆ. ನಡುಮನೆಯ ಗೋಡೆಯ ಮೇಲೆ ಮೂಲೆಯಿಂದ ಮೂಲೆಗೆ ಹಳೆಯ ಬಿರುಕಿನ ಗುರುತು. ತುಂಬಿ, ಮತ್ತೆ ತುಂಬಿ, ದಪ್ಪಗೆ ಗಾಯದ ಕಲೆಯಂತಾಗಿತ್ತು. ಒಳಗಿನ ಕೋಣೆಗಳಿಗೆ ಚೌಕಟ್ಟುಗಳಿದ್ದವು. ಒಂದಕ್ಕೂ ಕದ ಇರಲಿಲ್ಲ. ಎಲ್ಲ ಕಡೆ ಹಳೆಯ ಸೀರೆಯ ಪರದೆ.

ನಾನು ನಿಂತೇ ಇದ್ದೆ. ಕಾಕಿ ನನ್ನ ಮುಖ ನೋಡಿ ತಾವೇ ಹೇಳಿದರು. "ಅವರ ಕೈಯಾರೆ ಕಟ್ಟಿದ್ದವಾ. ಹೊಸದಾಗಿ ಲಗ್ನ ಆಗಿತ್ತು ನಮ್ದು. ಅವ್ವನ್ನ ಲಗೂ ಸ್ವಂತ ಮನ್ಯಾಗ ಇಡಬೇಕಂತ ಅವಸರ ಮಾಡಿದ್ರು. ಹತ್ತಿ ಹೊಲ. ಗರಸು ಹತ್ತೂಮಟಾ ತಗ್ಗ ತಗೀಲಿಲ್ಲ. ಮೂರನೇ ಬ್ಯಾಸಗ್ಯಾಗ ಕದಾ ಹಿಡಕೊಂಡು ನಮ್ಮತ್ತಿ ಒಳಗ ಸಿಕ್ಕೊಂಡ್ರು, ಅವತ್ತ ಕದಾ ಎಲ್ಲಾ ಕಿತ್ತ ಹಾಕಿದ್ರು. ಅತ್ತಿ ಹೊರಗ ಮಲಗ್ಯಾರ ಅಂತ ಇವರೂ ಹೊರಗ ಕುಂದ್ರಾಕ ಹತ್ತಿದ್ರು. ಅತ್ತಿ ಹೋಗಿ ಎಷ್ಟೋ ವರ್ಷಾದ್ರೂ, ಈ ಮನಿ ಒಳಗ ಕುಂತು ಅವರು ಒಂದ ಕಪ್ ಚಾ ಕುಡೀಲಿಲ್ಲ ನೋಡವಾ."

ಬಸ್ ಸ್ಟ್ಯಾಂಡಿನ ಬೆಂಚು, ಅದನ್ನು ಬಡಿಯುತ್ತಿದ್ದ ಆ ಉಗುರು ಕಣ್ಣ ಮುಂದೆ ಬಂತು. "ಒಂದ ಮನಿ ಹಿಂಗ ಆಗಿತ್ತು" ಎಂದಿದ್ದರು. ತಮ್ಮ ಮನೆ ಎನ್ನಲಿಲ್ಲ, ತಮ್ಮ ಅವ್ವ ಎನ್ನಲಿಲ್ಲ. ಹೇಳಬಾರದಿತ್ತೇ ಈ ಮನುಷ್ಯ? ಒಂದು ಮಾತು ಹೇಳಿದ್ದರೆ ನಾನು ಐದು ತಿಂಗಳು ಮಾತು ಬಿಡುತ್ತಿದ್ದೆನೇ? ನಮ್ಮ ಗೋಡೆಯ ಆ ಎಣ್ಣೆಯ ಕಲೆಯನ್ನು ಸೋಡಾ ಹಾಕಿ ತಿಕ್ಕುತ್ತಿದ್ದೆನೇ? ಸತ್ತ ಮೇಲೂ ನನಗೆ ಸಿಟ್ಟು ಬರಿಸುವುದನ್ನು ಅವರು ಬಿಡಲಿಲ್ಲ. ಕಾಕಿ ಚಹಾ ತಂದರು. ನಾನು ಕಪ್ಪು ಹಿಡಿದುಕೊಂಡು ಹೊರಗೆ ಬಂದು, ಹನಿಯುವ ಮಳೆಯಲ್ಲೇ ಕಟ್ಟೆಯ ಮೇಲೆ ನಿಂತು ಕುಡಿದೆ.

ದೀಪಾವಳಿಗೆ ನಮ್ಮ ಮನೆಗೆ ಬಣ್ಣ ಹಚ್ಚಿಸಿದೆವು. ಬಣ್ಣದವನು ನಡುಮನೆಯ ಗೋಡೆಯ ಕಲೆಯನ್ನು ಉಪ್ಪುಕಾಗದದಿಂದ ತಿಕ್ಕಲು ಹೋದ. ಹೊರಗೆ ಕಟ್ಟೆಯ ಮೇಲಿದ್ದ ಅತ್ತೆ ಕಿಡಕಿಯಿಂದ ನೋಡಿ ಕೂಗುವ ಮೊದಲೇ ನಾನು ಅವನ ಕೈ ಹಿಡಿದೆ.

"ಅದಷ್ಟ ಬಿಡಪಾ" ಎಂದೆ. "ಅಲ್ಲೆ ನಮ್ಮ ಕಾಕಾ ಕುಂದರ್ತಾರ."